ಲಿಫ್ಟ್ ನಿಂತ ನಲವತ್ತೆರಡು ದಿನ

ಮನೆಯಲ್ಲಿ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಅಂಗೈಯಗಲದ ಮಗುವಾಗಿದ್ದಳಂತೆ. ಹೆಸರು ಅಂಟಿಕೊಂಡಿತು, ಮಗು ಬೆಳೆಯಿತು. ಹದಿನೈದು ತುಂಬುವ ಹೊತ್ತಿಗೆ, ನೆಂಟರ ಮುಂದೆ ಅಮ್ಮ "ಪುಟ್ಟೀ" ಎಂದು ಕೂಗಿದರೆ, ಒಳಗಿನಿಂದ ಬಂದವಳನ್ನು ನೋಡಿ ಅವರು ತುಟಿ ಕಚ್ಚಿ ನಗು ತಡೆದುಕೊಳ್ಳುತ್ತಿದ್ದರು. ಪುಟ್ಟಿ ಅದನ್ನು ಕಂಡೂ ಕಾಣದವಳಂತೆ ಇದ್ದುಬಿಡುತ್ತಿದ್ದಳು. ನಗುವವರಿಗಿಂತ ಅವಳನ್ನು ಹೆಚ್ಚು ಕಾಡಿದ್ದು ಉಸಿರು. ಶಾಲೆಯ ಎರಡನೇ ಮಹಡಿಯ ತರಗತಿಗೆ ಹತ್ತಿ ಹೋಗಿ ಕೂತರೆ, ಹಾಜರಿ ಕೂಗಿದಾಗ ಓಗೊಡಲೂ ಆಗುತ್ತಿರಲಿಲ್ಲ. ಕೈ ಎತ್ತಿ ಸುಮ್ಮನಾಗುತ್ತಿದ್ದಳು. ಅದರ ಮೇಲೆ ಪದೇ ಪದೇ ತಲೆನೋವು. ಶಾಲೆಗೆ ತಪಾಸಣೆಗೆಂದು ಬಂದ ವೈದ್ಯರು ರಕ್ತದೊತ್ತಡ ನೋಡಿ, ಈ ವಯಸ್ಸಿಗೆ ಇದು ಸರಿಯಲ್ಲ ಎಂದು ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ದೊಡ್ಡಾಸ್ಪತ್ರೆಯಲ್ಲಿ ಇಂಥ ಮಕ್ಕಳಿಗೆಂದೇ ಆರು ತಿಂಗಳ ತರಬೇತಿ ಇತ್ತು. ವಾರಕ್ಕೆ ಮೂರು ಸಂಜೆ, ನೆಲಮಾಳಿಗೆಯ ಉದ್ದನೆಯ ಕೊಠಡಿಯಲ್ಲಿ ಹನ್ನೊಂದು ಮಕ್ಕಳು. ನಡೆಸುತ್ತಿದ್ದವರು ವ್ಯಾಯಾಮದ ಮೇಡಂ. ಕುಳ್ಳಗೆ, ಗಟ್ಟಿಮುಟ್ಟಾಗಿದ್ದ ಐವತ್ತರ ಹೆಂಗಸು. ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿತ್ತು. ಅದನ್ನು ಊದಿದ್ದನ್ನು ಯಾರೂ ಕೇಳಿರಲಿಲ್ಲ. ಒಬ್ಬರ ಮುಂದೆ ಇನ್ನೊಬ್ಬರನ್ನು ಅವರು ಯಾವತ್ತೂ ತೂಕ ಮಾಡಲಿಲ್ಲ. "ತಕ್ಕಡಿ ಹೇಳೋದು ಒಂದು ಸುದ್ದಿ ಅಷ್ಟೆ. ರಾತ್ರಿ ನಿದ್ದೆ ಬಂತಾ, ಮೆಟ್ಟಿಲು ಹತ್ತಿ ಮಾತಾಡೋಕಾಯ್ತಾ, ಒತ್ತಡ ಎಷ್ಟಿದೆ, ನನಗೆ ಇವೆಲ್ಲಾ ಬೇಕು," ಎನ್ನುತ್ತಿದ್ದರು. ಆರು ತಿಂಗಳು ತುಂಬಿದಾಗ ಪುಟ್ಟಿಯ ರಕ್ತದೊತ್ತಡ ಇರಬೇಕಾದಲ್ಲಿಗೆ ಇಳಿದಿತ್ತು. ತಲೆನೋವು ಮಾಯವಾಗಿತ್ತು. ತೂಕವೂ ಏಳು ಕಿಲೋ ಇಳಿದಿತ್ತು. ಶಾಲೆಯ ಮೆಟ್ಟಿಲನ್ನು ಗೆಳತಿಯ ಜೊತೆ ಹರಟುತ್ತಾ ಹತ್ತುತ್ತಿದ್ದಳು.

ಕೊನೆಯ ದಿನ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು, ಪ್ರಮಾಣಪತ್ರ ಕೊಟ್ಟರು, ಕೈ ಕುಲುಕಿದರು. ಸೋಮವಾರದಿಂದ ಆ ಕೊಠಡಿ ಬೆನ್ನುನೋವಿನವರ ಪಾಲಾಯಿತು.

ಮೊದಲ ತಿಂಗಳು ಪುಟ್ಟಿ ಬೆಳಿಗ್ಗೆ ಎದ್ದು ಒಬ್ಬಳೇ ನಡೆದಳು. ನಾಯಿ ಹಿಡಿದು ಬರುವವರ ನಡುವೆ, ಹಿಡಿಯಲು ಏನೂ ಇಲ್ಲದೆ ಕೈಬೀಸಿಕೊಂಡು ಹೋಗುವುದು ಅವಳಿಗೇ ಒಂಥರಾ ಅನ್ನಿಸುತ್ತಿತ್ತು. ಆಮೇಲೆ ಪರೀಕ್ಷೆ ಬಂತು. ಪರೀಕ್ಷೆ ಮುಗಿಯುವಷ್ಟರಲ್ಲಿ ನಡಿಗೆಯೂ ಮುಗಿದಿತ್ತು. ಅಮ್ಮ ಬೇಕರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಸಂಜೆ ಮಾರಾಟವಾಗದೆ ಉಳಿದ ಸಿಹಿ ಬನ್ನುಗಳನ್ನು ಮಾಲೀಕರು ಕೆಲಸದವರಿಗೇ ಹಂಚುತ್ತಿದ್ದರು. ತರಬೇತಿ ನಡೆಯುತ್ತಿದ್ದಷ್ಟು ದಿನ ಆ ಚೀಲ ಮನೆಗೆ ಬರುವುದು ನಿಂತಿತ್ತು. ಈಗ ಮೆಲ್ಲಗೆ ವಾರಕ್ಕೊಮ್ಮೆ ಬಂತು, ಆಮೇಲೆ ಎರಡು ಸಲ, ಆಮೇಲೆ ಲೆಕ್ಕ ತಪ್ಪಿತು. ಪುಸ್ತಕ ಹಿಡಿದು ಕೂತ ಪುಟ್ಟಿಯ ಕೈ ತಾನೇ ತಾನಾಗಿ ಚೀಲದೊಳಗೆ ಹೋಗುತ್ತಿತ್ತು. ಹನ್ನೊಂದು ಮಕ್ಕಳು ಫೋನಿನಲ್ಲಿ ಕಟ್ಟಿಕೊಂಡ ಗುಂಪಿನಲ್ಲಿ ಮೊದಲು ದಿನಾ ಸಂಜೆ ಮಾತು ಹರಿಯುತ್ತಿತ್ತು. ಆಮೇಲೆ ಬರೀ ಹೆಬ್ಬೆರಳಿನ ಚಿತ್ರ, ಆಮೇಲೆ ಹುಟ್ಟುಹಬ್ಬದ ಶುಭಾಶಯ, ಆಮೇಲೆ ಅದೂ ಇಲ್ಲ. ಉಳಿದವರೆಲ್ಲ ಚೆನ್ನಾಗಿದ್ದಾರೆ, ಹಾಳಾದವಳು ನಾನೊಬ್ಬಳೇ ಎಂದು ಪುಟ್ಟಿ ತಿಳಿದುಕೊಂಡಳು.

ತಲೆನೋವು ಮರಳಿ ಬಂದಾಗ ಅಮ್ಮನಿಗೂ ಹೇಳದೆ ಶಾಲೆ ಬಿಟ್ಟ ಮೇಲೆ ನೇರವಾಗಿ ಆಸ್ಪತ್ರೆಗೆ ಹೋದಳು. ನರ್ಸು ಒತ್ತಡ ನೋಡಿ ಚೀಟಿಯಲ್ಲಿ ಬರೆದ ಅಂಕಿ ಮತ್ತೆ ಮೇಲೇರಿತ್ತು. ಚೀಟಿ ಮಡಚಿಕೊಂಡು ಹೊರಬರುವಾಗ, ಮೊಗಸಾಲೆಯ ಕಂಬದ ಹಿಂದೆ ಯಾರೋ ಅಡಗಿಕೊಳ್ಳಲು ಒದ್ದಾಡುತ್ತಿದ್ದುದು ಕಂಡಿತು. ಕಂಬ ಸಣ್ಣದು, ಅಡಗುವವನು ದೊಡ್ಡವನು. ತರಬೇತಿಯಲ್ಲಿ ಅವಳ ಜೊತೆಗಿದ್ದ ಹುಡುಗ ಅವನು. ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಅಗಲ, ಉಸಿರು ಬಿಟ್ಟರೆ ಬ್ರೇಕು ಹಾಕಿದ ಸದ್ದು. ಅದಕ್ಕೇ ತನಗೆ ತಾನೇ ಲಾರಿ ಎಂದು ಹೆಸರಿಟ್ಟುಕೊಂಡಿದ್ದ, ಬೇರೆಯವರು ಇಡುವ ಮೊದಲೇ.

"ಏನೋ ಲಾರಿ, ಇಲ್ಲಿ?"

"ಅಜ್ಜಿಗೆ ಔಷಧಿ ತಗೊಂಡ್ಹೋಗೋಕೆ ಬಂದೆ."

"ನಿಂಗೆ ಅಜ್ಜಿನೇ ಇಲ್ಲ ಅಂದಿದ್ಯಲ್ಲ."

"ಪಕ್ಕದ್ಮನೆ ಅಜ್ಜಿ ಕಣೇ." ಅವನು ಬಿಗಿಯಾಗಿದ್ದ ಅಂಗಿಯನ್ನು ಕೆಳಗೆಳೆದುಕೊಂಡ. "ನೀನ್ಯಾಕೆ ಬಂದೆ?"

ಪುಟ್ಟಿ ಕೈಯಲ್ಲಿದ್ದ ಚೀಟಿಯನ್ನೊಮ್ಮೆ, ಅವನ ಕೈಯಲ್ಲಿದ್ದ ಅಂಥದೇ ಚೀಟಿಯನ್ನೊಮ್ಮೆ ನೋಡಿದಳು. "ನಾನೂ ಪಕ್ಕದ್ಮನೆ ಅಜ್ಜಿಗೇ," ಎಂದಳು.

ಇಬ್ಬರಿಗೂ ನಗು ಒತ್ತರಿಸಿಕೊಂಡು ಬಂತು. ಆ ನಗೆಯ ಸದ್ದಿಗೆ ಪಕ್ಕದ ಕೋಣೆಯಿಂದ ವ್ಯಾಯಾಮದ ಮೇಡಂ ಇಣುಕಿದರು. ಇಬ್ಬರ ಮುಖವೂ ಬಾಡಿತು. ಮೇಡಂ ಬೈಯಲಿಲ್ಲ. ಒಳಗೆ ಕರೆದು ಕೂರಿಸಿ, ಚೀಟಿಗಳನ್ನು ಓದಿ ಮೇಜಿನ ಮೇಲಿಟ್ಟರು.

"ತಲೆ ತಗ್ಗಿಸ್ಬೇಡಿ. ತಪ್ಪು ನಿಮ್ದಲ್ಲ. ಆರು ತಿಂಗಳು ಕೈ ಹಿಡಿದು ನಡೆಸಿ, ನಡುದಾರೀಲಿ ಕೈ ಬಿಟ್ವಲ್ಲ, ತಪ್ಪು ನಮ್ದು. ಇನ್ನೊಂದು ವರ್ಷ ಆ ಕೊಠಡಿ ಕೊಡಿ ಅಂತ ಎರಡು ಸಲ ಬರೆದೆ. ಜಾಗ ಇಲ್ಲ ಅಂದ್ರು." ಆಮೇಲೆ ಕೇಳಿದರು: "ಇಲ್ಲಿದ್ದಿದ್ದು ಏನು ಅಲ್ಲಿಲ್ಲ? ನಿಜ ಹೇಳಿ."

ಲಾರಿ ಯೋಚಿಸಿ ಹೇಳಿದ. "ವ್ಯಾಯಾಮ ಎಲ್ಲೂ ಮಾಡ್ಬಹುದು ಮೇಡಂ. ಇಲ್ಲಿ ಒಂದು ದಿನ ತಪ್ಪಿಸ್ಕೊಂಡ್ರೆ, ಯಾಕೋ ಬರ್ಲಿಲ್ಲ ಅಂತ ಹನ್ನೊಂದು ಜನ ಕೇಳ್ತಿದ್ರು. ಈಗ ನಾನು ಎದ್ರೂ ಯಾರಿಗೂ ಲಾಭ ಇಲ್ಲ, ಮಲಗಿದ್ರೂ ಯಾರಿಗೂ ನಷ್ಟ ಇಲ್ಲ."

ಆ ಮಾತು ಪುಟ್ಟಿಯ ತಲೆಯಲ್ಲಿ ಮನೆಯವರೆಗೂ ಕೊರೆಯುತ್ತಲೇ ಬಂತು.

ಅಪ್ಪ ಲಿಫ್ಟ್ ಮೇಸ್ತ್ರಿ. ಊರಿನ ಹಳೆಯ ಕಟ್ಟಡಗಳ ಲಿಫ್ಟುಗಳೆಲ್ಲ ಅವನ ಕೈಗೆ ಬಂದು ಹೋದವೇ. ಅವತ್ತು ಊಟಕ್ಕೆ ಕೂತಾಗ ಅವನು ಸೋತು ಸುಣ್ಣವಾಗಿದ್ದ. ಎರಡು ಬೀದಿ ಆಚೆಗಿನ ಎಂಟು ಮಹಡಿಯ ವಸತಿ ಕಟ್ಟಡದಲ್ಲಿ ಮೂವತ್ತು ವರ್ಷದ ಲಿಫ್ಟನ್ನು ಬುಡಸಮೇತ ಕಿತ್ತು ಹೊಸದು ಹಾಕಬೇಕಿತ್ತು. ನಲವತ್ತೆರಡು ದಿನದ ಕೆಲಸ. ಮೂರು ದಿನ ಕಳೆಯುವಷ್ಟರಲ್ಲೇ ಜನ ಅವನಿಗೆ ಹಿಡಿಶಾಪ ಹಾಕುತ್ತಿದ್ದರು.

"ಮೇಲೆಲ್ಲ ವಯಸ್ಸಾದೋರೇ ಇದಾರೆ ಕಣೇ," ಎಂದು ಅಮ್ಮನಿಗೆ ಹೇಳಿದ. "ಎಂಟನೇ ಮಹಡೀಲಿ ಒಬ್ರು ಅಜ್ಜಿ. ಹಾಲು ಬೇಕು ಅಂತ ಕಿಟಕಿಯಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಟ್ರು. ಅದು ನಾಲ್ಕನೇ ಮಹಡಿಯೋರ ಬಟ್ಟೆ ತಂತಿಗೆ ಸಿಕ್ಕಾಕ್ಕೊಂಡು, ಈಗ ಹಾಲೂ ಇಲ್ಲ, ಅವರ ಮನೆ ಬೆಡ್‌ಶೀಟೂ ಇಲ್ಲ."

ಪುಟ್ಟಿಯ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗದೆ ನಿಂತಿತು. "ಅಪ್ಪ, ಹಾಲು ನಾವು ತಂದ್ಕೊಟ್ರೆ?"

"ನಾವು ಅಂದ್ರೆ?"

"ತರಬೇತೀಲಿ ಇದ್ವಲ್ಲ, ಹನ್ನೊಂದು ಜನ."

ಅಪ್ಪ ತಟ್ಟೆ ಸರಿಸಿದ. "ಮೇಸ್ತ್ರಿ ಲಿಫ್ಟ್ ಬಿಚ್ಚಾಕಿ, ಮಗಳನ್ನ ಹೊರೋಕೆ ಕಳಿಸಿದಾನೆ ಅಂತಾರೆ ಜನ. ನನ್ನ ಮಾನ ತೆಗೀಬೇಡ."

"ಅಪ್ಪ, ನಮಗೆ ಮೆಟ್ಟಿಲು ಬೇಕು. ಅವರಿಗೆ ಹಾಲು ಬೇಕು. ಇದರಲ್ಲಿ ಮಾನ ಎಲ್ಲಿಂದ ಬಂತು?" ಎಂದು ಹೇಳಿ ಅವಳು ಆಸ್ಪತ್ರೆಯ ಚೀಟಿಯನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

ಅಪ್ಪ ಚೀಟಿ ಓದಿದ. ಅಮ್ಮ ಬಗ್ಗಿ ಓದಿದಳು. ಕೊನೆಗೆ ಅಪ್ಪ, "ಸೋಮವಾರ ಸಂಜೆ ಐದೂವರೆಗೆ ಬನ್ನಿ. ಚಪ್ಪಲಿ ಹಾಕ್ಕೊಂಡು ಬರೋ ಹಾಗಿಲ್ಲ. ಬೂಟು," ಎಂದ.

ಪುಟ್ಟಿ ಗುಂಪಿಗೆ ಸಂದೇಶ ಹಾಕಲಿಲ್ಲ. ಹಾಕಿದರೆ ಹತ್ತು ಹೆಬ್ಬೆರಳು ಬರುತ್ತವೆ, ಒಂದು ಆಳೂ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಮೊದಲು ತನ್ನ ರಕ್ತದೊತ್ತಡ ಎಷ್ಟು ಏರಿದೆಯೆಂದು ತಾನೇ ಹೇಳಿದಳು. ಅದಾದ ಮೇಲೆ ಆ ಕಡೆಯವರೂ ಬಾಯಿ ಬಿಟ್ಟರು. ಎಲ್ಲರದೂ ಹೆಚ್ಚುಕಡಿಮೆ ಅದೇ ಕಥೆ. ಇಬ್ಬರು ಫೋನ್ ಎತ್ತಲಿಲ್ಲ. ಸೋಮವಾರ ಪುಟ್ಟಿ, ಲಾರಿ ಸೇರಿ ಒಂಬತ್ತು ಜನ ಕಟ್ಟಡದ ಮೆಟ್ಟಿಲ ಬುಡದಲ್ಲಿ ನಿಂತಿದ್ದರು.

ಆ ಕಟ್ಟಡದ ಸಂಘಕ್ಕೊಬ್ಬ ಕಾರ್ಯದರ್ಶಿ ಇದ್ದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಸದಾ ಒಂದು ಕಡತ. ಅವರು ಮಕ್ಕಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮೇಸ್ತ್ರಿ, ಇವರು ಬರಿಗೈಲಿ ಹತ್ತಿದ್ರೇ ದೊಡ್ಡದು. ಸಾಮಾನು ಹೊತ್ಕೊಂಡು ಹತ್ತಿ ಏನಾದ್ರೂ ಆದ್ರೆ ಜವಾಬ್ದಾರಿ ಯಾರ್ದು?" ಎಂದರು. ಅಪ್ಪ ಸ್ಪ್ಯಾನರು ಒರೆಸುತ್ತಾ, "ನಂದು," ಎಂದ. ಅಷ್ಟರಲ್ಲಿ ವ್ಯಾಯಾಮದ ಮೇಡಂ ಆಸ್ಪತ್ರೆಯಿಂದ ನೇರವಾಗಿ ಬಂದಿಳಿದು, "ಅರ್ಧ ನಂದು," ಎಂದರು.

ಮೇಡಂ ಮೂರು ನಿಯಮ ಹೇಳಿಕೊಟ್ಟರು. ಐದು ಕಿಲೋಗಿಂತ ಹೆಚ್ಚು ಹೊರಬಾರದು. ಚೀಲವನ್ನು ಮೈಗೆ ಒತ್ತಿ ಹಿಡಿಯಬೇಕು. ಪ್ರತಿ ತಿರುವಿನಲ್ಲೂ ನಿಂತು ಒಂದು ಪೂರ್ತಿ ವಾಕ್ಯ ಹೇಳಬೇಕು. ಹೇಳಲಾಗದಿದ್ದರೆ ಅಲ್ಲೇ ಕೂತು ಸುಧಾರಿಸಿಕೊಳ್ಳಬೇಕು, ಅದರಲ್ಲಿ ನಾಚಿಕೆಯೇನಿಲ್ಲ.

ಮೊದಲ ದಿನವೇ ಎಡವಟ್ಟಾಯಿತು. ಲಾರಿ ಹೊತ್ತಿದ್ದ ಕಿತ್ತಳೆಹಣ್ಣಿನ ಚೀಲ ಐದನೇ ಮಹಡಿಯಲ್ಲಿ ಹರಿಯಿತು. ಹಣ್ಣುಗಳು ಟಪಟಪನೆ ಪುಟಿಯುತ್ತಾ, ತಿರುವುಗಳಲ್ಲಿ ಗೋಡೆಗೆ ಬಡಿದು ದಿಕ್ಕು ಬದಲಿಸುತ್ತಾ, ಕಾರ್ಯದರ್ಶಿಗಳ ಕಾಲ ಬಳಿಯವರೆಗೂ ಉರುಳಿ ಬಂದವು. ಹಿಂದೆಯೇ ಲಾರಿ, "ಅಂಕಲ್, ಅಡ್ಡ ನಿಲ್ಲಿ, ಅಡ್ಡ ನಿಲ್ಲಿ," ಎನ್ನುತ್ತಾ ಇಳಿದು ಬಂದ.

ಕಾರ್ಯದರ್ಶಿಗಳು ಕಡತವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡರು. "ಸಾಕು. ನಾಳೆಯಿಂದ ಇದು ಬೇಡ."

ಆಗ ಮೆಟ್ಟಿಲಸಂದಿಯ ನೆತ್ತಿಯಿಂದ ಒಂದು ದನಿ ಇಳಿದು ಬಂತು. ಅರಚಿದ ದನಿಯಲ್ಲ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುವ ದನಿ. "ಕಾರ್ಯದರ್ಶಿಗಳೇ, ನಾಳೆಯಿಂದ ನನ್ನ ಹಾಲು ನೀವು ತಂದ್ಕೊಡ್ತೀರಾ ಹಾಗಾದ್ರೆ?"

ಅದು ಎಂಟನೇ ಮಹಡಿಯ ಅಜ್ಜಿ. ಮೂವತ್ಮೂರು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಆ ದನಿಗೆ ಎದುರಾಡಿದವರು ಕಡಿಮೆ. ಕಾರ್ಯದರ್ಶಿಗಳಿಗೆ ಎರಡನೇ ಮಹಡಿಯ ತಮ್ಮ ಮನೆಗೆ ಹತ್ತುವಾಗಲೇ ಮಂಡಿ ಕಿರುಗುಟ್ಟುತ್ತಿತ್ತು. ಅವರು ಬಗ್ಗಿ ಒಂದು ಕಿತ್ತಳೆ ಎತ್ತಿ ಲಾರಿಯ ಕೈಗಿಟ್ಟು ಒಳಗೆ ನಡೆದರು.

ಹಾಗೆ ಕೆಲಸಕ್ಕೆ ಒಂದು ದಾರಿ ಬಿತ್ತು. ಒಬ್ಬೊಬ್ಬರಿಗೆ ಒಂದೊಂದು ಮಹಡಿ, ನಾಲ್ಕನೆಯದಕ್ಕೆ ಮಾತ್ರ ಅವಳಿ ಅಣ್ಣತಮ್ಮಂದಿರಿಬ್ಬರು. ಒಬ್ಬನನ್ನು ಬಿಟ್ಟು ಇನ್ನೊಬ್ಬ ಬರುತ್ತಿರಲಿಲ್ಲ. ಎಂಟನೆಯದನ್ನು ಪುಟ್ಟಿ ತಾನೇ ಇಟ್ಟುಕೊಂಡಳು. ಮೊದಲ ವಾರ ಪ್ರತಿ ತಿರುವಿನಲ್ಲೂ ಕೂತಳು. ಐದರ ಮೇಲೆ ಕಾಲು ಕಲ್ಲಾಗುತ್ತಿತ್ತು, ಕಂಬಿ ಹಿಡಿದ ಅಂಗೈ ಒದ್ದೆಯಾಗುತ್ತಿತ್ತು. ಮೇಲೆ ತಲುಪಿದರೆ, ಮೇಡಂ ನಿಯಮ ಕೇಳಿ ತಿಳಿದಿದ್ದ ಅಜ್ಜಿ ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿರುತ್ತಿದ್ದರು.

"ಇವತ್ತಿನ ವಾಕ್ಯ ಹೇಳು."

"ಹಾಲು... ತಂದಿದೀನಿ... ಅಜ್ಜಿ."

"ಲೈನು ಸರಿಯಿಲ್ಲ. ಕೂತ್ಕೋ, ಇನ್ನೊಂದ್ಸಲ ಕನೆಕ್ಷನ್ ಕೊಡ್ತೀನಿ."

ಎರಡನೇ ವಾರದ ಕೊನೆಗೆ ಲೈನು ಸ್ವಲ್ಪ ಸುಧಾರಿಸಿತು. ಅದಕ್ಕಿಂತ ದೊಡ್ಡ ಬದಲಾವಣೆ ಬೇರೆಯೇ ಇತ್ತು. ಮೂರನೇ ಮಹಡಿಗೆ ಸಾಮಾನು ಒಯ್ಯುತ್ತಿದ್ದ ಹುಡುಗಿ ಒಂದು ಸಂಜೆ ಬರಲಿಲ್ಲ. ಆರು ಗಂಟೆಗೆ ಮೂರನೇ ಮಹಡಿಯ ಮುದುಕರೊಬ್ಬರು ಅವಳ ಮನೆಗೇ ಫೋನ್ ಮಾಡಿ, "ನಮ್ಮ ಹುಡುಗಿ ಯಾಕೆ ಬಂದಿಲ್ಲ, ಮೈ ಹುಷಾರಿಲ್ವಾ?" ಎಂದು ಕೇಳಿದರಂತೆ. ಆ ಹುಡುಗಿ ಮರುದಿನ ಹತ್ತು ನಿಮಿಷ ಮೊದಲೇ ಬಂದು ನಿಂತಳು. ಫೋನ್ ಎತ್ತದೆ ಕೂತಿದ್ದ ಇಬ್ಬರೂ, ಉಳಿದವರ ಬಾಯಲ್ಲಿ ಕಿತ್ತಳೆಯ ಕಥೆ ಕೇಳಿ ತಡೆಯಲಾರದೆ ಮೂರನೇ ವಾರ ಬಂದು ಸೇರಿಕೊಂಡರು.

ತೊಂದರೆ ಬಂದದ್ದು ಪ್ರೀತಿಯಿಂದ. ಮಕ್ಕಳು ಬೆವರಿ ಬಂದದ್ದು ನೋಡಿ ಒಂದೊಂದು ಮನೆಯವರೂ ಬಿಸ್ಕತ್ತು, ಕೇಕು, ತಣ್ಣನೆಯ ಸಿಹಿ ಪಾನೀಯ ಹಿಡಿದು ಬಾಗಿಲಲ್ಲಿ ನಿಲ್ಲತೊಡಗಿದರು. ಬೇಡವೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಪುಟ್ಟಿ ಒಂದು ಹಾಳೆಯಲ್ಲಿ, "ದಯವಿಟ್ಟು ನಮಗೆ ತಿನ್ನಲು ಕೊಡಬೇಡಿ. ನೀರು ಕೊಡಿ, ಎರಡು ಮಾತಾಡಿ" ಎಂದು ಬರೆದು ಮೆಟ್ಟಿಲ ಬುಡದಲ್ಲಿ ಅಂಟಿಸಿದಳು.

ಲಾರಿ ಅದನ್ನು ಓದಿ ಗಲ್ಲ ಕೆರೆದುಕೊಂಡ. "ಮೃಗಾಲಯದಲ್ಲಿ ಬೋನಿನ ಮುಂದೆ ಬರೆದಿರ್ತಾರಲ್ಲ, ಹಂಗಿದೆ."

"ಅಳಿಸ್ಲಾ?"

"ಬೇಡ ಬಿಡು. ಪ್ರಾಣಿಗಳು ಆರೋಗ್ಯವಾಗೇ ಇರ್ತಾವೆ."

ಮನೆಯಲ್ಲೂ ಒಂದು ಸಂಜೆ ಬನ್ನಿನ ಚೀಲ ಕಾಣಲಿಲ್ಲ. ಮರುದಿನವೂ ಇಲ್ಲ. ಎಲ್ಲಿ ಎಂದು ಪುಟ್ಟಿ ಕೇಳಿದ್ದಕ್ಕೆ ಅಮ್ಮ ತರಕಾರಿ ಹೆಚ್ಚುತ್ತಲೇ ಹೇಳಿದಳು. "ಬೇಕರಿ ಹಿಂದೆ ಕಟ್ಟಡದ ಕೆಲಸದೋರು ಇಪ್ಪತ್ತು ಜನ ಇದಾರೆ, ಅವರಿಗೆ ಕೊಟ್ಟು ಬರ್ತೀನಿ. ಎಸೆಯೋಕೆ ಮನಸ್ಸು ಬರಲ್ಲ ಅಂತ ಇಷ್ಟು ದಿನ ನಿನ್ನ ಹೊಟ್ಟೆಗೆ ಎಸೀತಿದ್ದೆ ಅನ್ಸುತ್ತೆ." ಚಾಕು ಕೆಳಗಿಟ್ಟು ಕಣ್ಣು ಒರೆಸಿಕೊಂಡಳು, ಈರುಳ್ಳಿ ಎಂದಳು. ಅವಳು ಹೆಚ್ಚುತ್ತಿದ್ದುದು ಸೌತೆಕಾಯಿ.

ಮೂವತ್ತನೆಯ ದಿನ ಅಜ್ಜಿ ಹಾಲು ತೆಗೆದುಕೊಳ್ಳದೆ ಸುಮ್ಮನೆ ಕೂತಿದ್ದರು. ವಾಕ್ಯವನ್ನೂ ಕೇಳಲಿಲ್ಲ. ಪುಟ್ಟಿ ಕಾಡಿ ಕೇಳಿದ ಮೇಲೆ ವಿಷಯ ಹೊರಬಿತ್ತು. ಅವರ ಕಣ್ಣಿನ ಪೊರೆಯ ಆಪರೇಷನ್ನಿಗೆ ಎಂಟು ತಿಂಗಳು ಕಾದ ಮೇಲೆ ದಿನ ಸಿಕ್ಕಿತ್ತು: ಇನ್ನು ನಾಲ್ಕು ದಿನಕ್ಕೆ. ಲಿಫ್ಟು ಮುಗಿಯಲು ಹನ್ನೆರಡು ದಿನವಿತ್ತು. ಸವೆದ ಮಂಡಿಯಲ್ಲಿ ಎಂಟು ಮಹಡಿ ಇಳಿಯುವುದು ಆಗದ ಮಾತು. ದಿನ ಬಿಟ್ಟುಕೊಟ್ಟರೆ ಮತ್ತೆ ಸರದಿಯ ಕೊನೆಗೆ.

"ಕಾರ್ಯದರ್ಶಿಗಳು ಮುಂದೂಡಿ ಅಂದ್ರು. ಮುಂದೂಡ್ತೀನಿ. ನಿನ್ನ ಮುಖ ಈಗಲೇ ಮಂಜು ಮಂಜು, ಇನ್ನೊಂದು ವರ್ಷ ಮಂಜಾಗಿರ್ಲಿ."

ಪುಟ್ಟಿ ಬೇಗಬೇಗ ಇಳಿದು ಬಂದು, ನೆಲದಲ್ಲಿ ತಂತಿ ಬಿಡಿಸುತ್ತಾ ಕೂತಿದ್ದ ಅಪ್ಪನ ಮುಂದೆ ನಿಂತಳು. "ಅಪ್ಪ, ನಲವತ್ತಾರು ಕಿಲೋ ಭಾರಾನ ಅಲುಗಾಡದ ಹಾಗೆ ಎಂಟು ಮಹಡಿ ಇಳಿಸೋದು ಹೇಗೆ? ಮಾರನೇ ದಿನ ಹತ್ತಿಸೋದು ಹೇಗೆ?"

ಅಪ್ಪ ತಲೆ ಎತ್ತದೆ, "ಏನು, ಮೋಟಾರಾ?" ಎಂದ.

"ಅಜ್ಜಿ."

ಅವನು ತಂತಿ ಕೆಳಗಿಟ್ಟ. ಅಪ್ಪ ಮೆಟ್ಟಿಲಸಂದಿಯಲ್ಲಿ ಮೇಲಕ್ಕೆ ನೋಡಿದ, ಕೈಯಳತೆಯಲ್ಲಿ ತಿರುವಿನ ಅಗಲ ಅಳೆದ. "ಭಾರ ಎತ್ತೋದು ನನ್ನ ಕಸುಬು," ಎಂದ. "ಕುರ್ಚಿಗೆ ಎರಡೂ ಪಕ್ಕ ಉಕ್ಕಿನ ಪೈಪು ಕಟ್ತೀನಿ. ನಾಲ್ಕು ಜನ ಹೊರಬೇಕು. ಮಹಡಿಗೊಂದು ಸಲ ಆಳು ಬದಲಾಗ್ಬೇಕು."

ಎರಡು ಸಂಜೆ ಅಭ್ಯಾಸ ನಡೆಯಿತು. ಕುರ್ಚಿಯಲ್ಲಿ ಅಜ್ಜಿಯ ತೂಕದ ಮರಳು ಚೀಲ ಕೂರಿಸಿ, ಮೋಟಾರು ಕಟ್ಟುವ ಅಗಲ ಪಟ್ಟಿಯಿಂದ ಬಿಗಿದು, ಮಕ್ಕಳು ಹತ್ತಿದರು, ಇಳಿದರು. ಯಾರ ಕಾಲು ಯಾವಾಗ ಏಳಬೇಕೆಂದು ಮೇಡಂ ಎಣಿಸಿಕೊಟ್ಟರು. ಅಪ್ಪ ಚೀಲದ ಮೇಲೆ ನೀರು ತುಂಬಿದ ಲೋಟ ಇಟ್ಟ. ಮೊದಲ ಸಂಜೆ ಲೋಟ ಮೂರು ಸಲ ಖಾಲಿಯಾಯಿತು. ಎರಡನೇ ಸಂಜೆ ಕೊನೆಯ ಸುತ್ತಿನಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ.

ಇಳಿಸುವ ದಿನ ಸಲೀಸಾಗಿ ಆಯಿತು. ಕಷ್ಟವಿದ್ದದ್ದು ಮರುದಿನ. ಅಜ್ಜಿಯ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ತಲೆ ಕುಲುಕಬಾರದೆಂದು ಕಣ್ಣಿನ ವೈದ್ಯರು ಎರಡೆರಡು ಸಲ ಹೇಳಿ ಕಳಿಸಿದ್ದರು. ಮಧ್ಯಾಹ್ನ ನಾಲ್ಕಕ್ಕೆ ಹನ್ನೊಂದು ಮಕ್ಕಳೂ ಬುಡದಲ್ಲಿ ಸಿದ್ಧವಾಗಿದ್ದರು. ಕುರ್ಚಿ ಎದ್ದಿತು. ಅಪ್ಪ ಹಿಂದೆ, ಕುರ್ಚಿಯ ಕೆಳಗೆ ಎರಡೂ ಅಂಗೈ ಚಾಚಿಕೊಂಡು, ಒಂದು ಮೆಟ್ಟಿಲು ಬಿಡದೆ ಬಂದ. ಮುಂದೆ ಯಾರೋ ದಾರಿ ಬಿಡಿಸುತ್ತಿದ್ದರು. ನೋಡಿದರೆ ಕಾರ್ಯದರ್ಶಿಗಳು. ಕಡತ ಎಲ್ಲೋ ಬಿಟ್ಟು ಬಂದು, ಮಂಡಿ ಕಿರುಗುಟ್ಟುತ್ತಿದ್ದರೂ, ಬಾಗಿಲುಗಳ ಮುಂದಿದ್ದ ಚಪ್ಪಲಿ, ಹೂಕುಂಡಗಳನ್ನು ಗೋಡೆಗೆ ಸರಿಸುತ್ತಾ ಹತ್ತುತ್ತಿದ್ದರು.

ಒಂದು, ಎರಡು, ಮೂರು. ಆಳು ಬದಲಾದರು. ಮೇಡಂ ಎಣಿಸುತ್ತಲೇ ಇದ್ದರು. ಮನೆ ಮನೆಯ ಬಾಗಿಲಲ್ಲೂ ಜನ ನಿಂತಿದ್ದರು. ಐದನೆಯ ಮಹಡಿ ದಾಟಿ ಅರ್ಧ ಹತ್ತಿರಬೇಕು, ಪುಟ್ಟಿಯ ಬಲಗೈ ಬೆವರಿಗೆ ಜಾರತೊಡಗಿತು. ಇಷ್ಟು ಜನ ನೋಡುತ್ತಿರುವಾಗ ನಿಲ್ಲಿಸಿ ಎನ್ನುವುದು ಹೇಗೆ? ಹೀಗೆ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೇ ಅಲ್ಲವೇ ತಾವೆಲ್ಲ ಮೂರು ತಿಂಗಳು ಒಬ್ಬೊಬ್ಬರೇ ಮುಳುಗಿದ್ದು ಎಂದೂ ಅನ್ನಿಸಿತು.

"ತಿರುವಿನಲ್ಲಿ ಇಳಿಸಿ," ಎಂದಳು, ಎಲ್ಲರಿಗೂ ಕೇಳುವಂತೆ. "ನನ್ನ ಕೈ ಜಾರ್ತಿದೆ."

ಕುರ್ಚಿ ಮೆಲ್ಲಗೆ ತಿರುವಿನಲ್ಲಿ ಕೂತಿತು. ಯಾರೂ ನಗಲಿಲ್ಲ. ಬಾಗಿಲಲ್ಲಿದ್ದ ಹೆಂಗಸೊಬ್ಬಳು ಒಳಗೋಡಿ ಒಣಗಿದ ಟವೆಲ್ ತಂದಳು. ಎದುರು ಪೈಪು ಹಿಡಿದಿದ್ದ ಲಾರಿ, "ನನ್ನ ಕೈಯೂ ಜಾರ್ತಿತ್ತು. ನೀನು ಹೇಳಿದ್ದು ಒಳ್ಳೇದಾಯ್ತು," ಎಂದು ಅದೇ ಟವೆಲಿಗೆ ಕೈ ಒರೆಸಿಕೊಂಡ. ಪಟ್ಟಿ ಕಟ್ಟಿದ ಅಜ್ಜಿ ಕುರ್ಚಿಯಲ್ಲೇ ಕೂತು, "ನಂಗೇನೂ ಅವಸರ ಇಲ್ಲಪ್ಪ, ರಾಣಿ ಹಾಗೆ ಕೂತಿದೀನಿ," ಎಂದರು. ಮೂರು ನಿಮಿಷ ಕಳೆದು ಮೇಡಂ ತಲೆಯಾಡಿಸಿದರು.

ಆರು. ಏಳು. ಕೊನೆಯ ಮಹಡಿಗೆ ಪುಟ್ಟಿಯ ಸರದಿ ಮತ್ತೆ ಬಂದಿತ್ತು. ಬೇಕಾದರೆ ಬಿಡು ಎಂದರೂ ಬಿಡಲಿಲ್ಲ. ಎಂಟನೇ ಮಹಡಿಯ ಬಾಗಿಲ ಮುಂದೆ ಕುರ್ಚಿಯ ನಾಲ್ಕೂ ಕಾಲು ಒಟ್ಟಿಗೆ ನೆಲ ಮುಟ್ಟಿದಾಗ ಸದ್ದೇ ಆಗಲಿಲ್ಲ. ಅಜ್ಜಿ ಕತ್ತು ತಿರುಗಿಸದೆ ಕೇಳಿದರು. "ಬಂದ್ವಾ? ವಾಕ್ಯ ಹೇಳು ನೋಡೋಣ."

"ಅಜ್ಜಿ, ನಿಮ್ಮ ಮನೆ ಬಂತು, ಹಾಸಿಗೆ ಹಾಸಿಟ್ಟಿದೀನಿ, ನೀವು ಒಂದು ಗಂಟೆ ಮಲಗಿ ಏಳೋ ಹೊತ್ತಿಗೆ ನಾನು ಹಾಲು ಕಾಯಿಸಿರ್ತೀನಿ," ಎಂದಳು ಪುಟ್ಟಿ. ಒಂದೇ ಉಸಿರಿನಲ್ಲಿ, ಎಲ್ಲೂ ತಡವರಿಸದೆ.

"ಲೈನು ಸ್ಪಷ್ಟವಾಗಿದೆ," ಎಂದರು ಅಜ್ಜಿ.

ಆಗ ಕೆಳಗಿನ ಏಳು ಮಹಡಿಗಳಿಂದಲೂ ಚಪ್ಪಾಳೆ ಎದ್ದಿತು. ಮೆಟ್ಟಿಲಸಂದಿಯ ಗೋಡೆಗಳಿಗೆ ಬಡಿದು ಬಡಿದು ಅದು ದೊಡ್ಡದಾಗುತ್ತಾ ಮೇಲಕ್ಕೇರಿತು. ಅಪ್ಪ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಿಸಿದ್ದ. ಗ್ರೀಸು ಮೆತ್ತಿದ ಕೈಯಲ್ಲೇ ಮುಖ ಒರೆಸಿಕೊಂಡು ಎರಡು ಕಪ್ಪು ಪಟ್ಟೆ ಎಳೆದುಕೊಂಡಿದ್ದ. ಮಗಳು ತನ್ನ ಕಡೆಗೆ ನೋಡಿದ್ದನ್ನು ಕಂಡ. ಕೈ ಸನ್ನೆಯಲ್ಲೇ, ಕೂತ್ಕೋ, ಪಕ್ಕದಲ್ಲಿ ಕೂತ್ಕೋ ಎಂದ.

ನಲವತ್ತೆರಡನೆಯ ದಿನ ಹೊಸ ಲಿಫ್ಟು ಓಡಿತು. ಎಲ್ಲರಿಗೂ ಖುಷಿ, ಹನ್ನೊಂದು ಮಕ್ಕಳನ್ನು ಬಿಟ್ಟು. ಫಳಫಳ ಹೊಳೆಯುವ ಬಾಗಿಲ ಮುಂದೆ ನಿಂತ ಅವರಿಗೆ ತರಬೇತಿಯ ಕೊನೆಯ ದಿನದ ಫೋಟೋ ನೆನಪಾಯಿತು. ಆಸ್ಪತ್ರೆಯ ಕೊಠಡಿ ಮುಚ್ಚಿದ್ದೂ ಹೀಗೆಯೇ, ಕೈ ಕುಲುಕಿ, ಶಹಬ್ಬಾಸ್ ಹೇಳಿ. ಲಾರಿ ಗುಂಡಿಯನ್ನು ಒತ್ತುವುದೋ ಬೇಡವೋ ಎಂಬಂತೆ ಬೆರಳು ಹಿಡಿದು ನಿಂತಿದ್ದ.

ಅಪ್ಪ ಸಾಮಾನಿನ ಪೆಟ್ಟಿಗೆ ಮುಚ್ಚುತ್ತಾ ಕೆಮ್ಮಿದ. "ಕಂಪನಿ ಕೆಲಸದ ಪಟ್ಟಿ ಬಂದಿದೆ," ಎಂದು ಜೇಬಿನಿಂದ ಕಾಗದ ತೆಗೆದ. "ಈ ಕಡೆಯ ಹಳೇ ಕಟ್ಟಡಗಳ ಲಿಫ್ಟೆಲ್ಲ ಒಂದಾದ ಮೇಲೊಂದು ಬದಲಾಯಿಸ್ಬೇಕಂತೆ. ಆರು ಕಟ್ಟಡ, ಹೆಚ್ಚುಕಡಿಮೆ ಒಂದು ವರ್ಷದ ಕೆಲಸ. ಮುಂದಿನದು ಹತ್ತು ಮಹಡಿ." ಮಕ್ಕಳ ಮುಖ ಒಂದೊಂದಾಗಿ ಅರಳುವುದನ್ನು ನೋಡಿ ಮತ್ತೆ ಗಂಭೀರನಾದ. "ಆದ್ರೆ ಒಂದು ಮಾತು. ಇಲ್ಲಿ ಕೆಳಗಿನ ಎರಡು ಮಹಡಿಯೋರು ನಿಮ್ಮನ್ನ ನೋಡಿ ಲಿಫ್ಟ್ ಹತ್ತೋದೇ ಬಿಟ್ಟಿದಾರೆ. ಹೀಗೇ ಆದ್ರೆ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ." ಹಾಗೆ ಹೇಳುವಾಗ ಅವನ ಮೀಸೆಯಡಿ ನಗು ನಿಲ್ಲುತ್ತಿರಲಿಲ್ಲ. ಪಟ್ಟಿಯನ್ನು ಅವನು ತಾನೇ ಹೋಗಿ ಕಚೇರಿಯಲ್ಲಿ ಕೇಳಿ ತಂದಿದ್ದನೆಂದು ಪುಟ್ಟಿಗೆ ಅಮ್ಮನಿಂದ ಗೊತ್ತಾಯಿತು.

ಹತ್ತು ಮಹಡಿಯ ಕೆಲಸವೂ ಮುಗಿದು ಮೂರನೆಯ ಕಟ್ಟಡ ನಡೆಯುತ್ತಿದ್ದಾಗ, ವ್ಯಾಯಾಮದ ಮೇಡಂ ಎಲ್ಲರನ್ನೂ ಆಸ್ಪತ್ರೆಗೆ ಕರೆಸಿ ಒಬ್ಬೊಬ್ಬರನ್ನೇ ಪರದೆಯ ಹಿಂದೆ ಪರೀಕ್ಷಿಸಿದರು. ಹನ್ನೊಂದರಲ್ಲಿ ಒಂಬತ್ತು ಮಕ್ಕಳು ತರಬೇತಿ ಮುಗಿದ ದಿನ ಎಲ್ಲಿದ್ದರೋ ಅಲ್ಲೇ ಇದ್ದರು, ಇಲ್ಲವೇ ಅದಕ್ಕಿಂತ ಮುಂದೆ ಹೋಗಿದ್ದರು. ಉಳಿದಿಬ್ಬರು ಕೆಳಜಾರಿದ್ದವರು ಮತ್ತೆ ಹತ್ತುತ್ತಿದ್ದರು. ಪುಟ್ಟಿಯ ರಕ್ತದೊತ್ತಡ ಔಷಧಿಯಿಲ್ಲದೆ ಸರಿಯಾಗಿತ್ತು. ಅವಳ ತೂಕ ಏಳು ಕಿಲೋ ಇಳಿದಿದ್ದಲ್ಲೇ, ಒಂದು ಆಚೀಚೆ, ನಿಂತಿತ್ತು. ಹಿರಿಯ ವೈದ್ಯರು ಕಾಗದಗಳನ್ನು ಹಿಂದೆಮುಂದೆ ತಿರುವಿದರು.

"ನಮ್ಮ ಹಿಂದಿನ ಮೂರು ತಂಡಗಳಲ್ಲಿ ವರ್ಷ ತುಂಬೋದ್ರೊಳಗೆ ಅರ್ಧಕ್ಕರ್ಧ ಮಕ್ಕಳು ಮೊದಲಿದ್ದಲ್ಲಿಗೇ ವಾಪಸ್ ಹೋಗಿದ್ರು. ನೀವು ಏನ್ ಮಾಡಿದ್ರಿ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹಾಲು ಹಾಕಿದ್ವಿ ಡಾಕ್ಟ್ರೇ," ಎಂದ ಲಾರಿ.

ವ್ಯಾಯಾಮದ ಮೇಡಂ ವಿವರವಾಗಿ ಹೇಳಿದರು. ಮಾತು ಮುಗಿದ ಮೇಲೆ ಹಿರಿಯ ವೈದ್ಯರು ಪುಟ್ಟಿಯ ಕಡೆ ತಿರುಗಿ, ಮುಂದಿನ ತಿಂಗಳು ತರಬೇತಿ ಮುಗಿಸುವ ಹದಿನಾಲ್ಕು ಮಕ್ಕಳಿಗೆ ಬಂದು ಎರಡು ಮಾತು ಹೇಳುತ್ತೀಯಾ ಎಂದು ಕೇಳಿದರು.

"ಮಾತು ಬೇಡ ಸರ್," ಎಂದಳು ಪುಟ್ಟಿ. "ಅವರನ್ನ ನಮ್ಮ ಜೊತೆ ಕಳಿಸಿ. ಒಬ್ಬಿಬ್ಬರಿಗೆ ನಮ್ಮಲ್ಲೊಬ್ರು ಜೊತೆಗಿರ್ತೀವಿ. ಮೇಡಂ ವಾರಕ್ಕೆ ಒಂದು ಸಲ ಬರ್ಲಿ, ಆಸ್ಪತ್ರೆ ಕೆಲಸ ಅಂತಲೇ. ಅವರು ತಮ್ಮ ಬಿಡುವಿನಲ್ಲಿ ಬರ್ತಿರೋದು ನಿಮಗೆ ಗೊತ್ತಿಲ್ಲ ಅನ್ಸುತ್ತೆ."

ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಹಿರಿಯ ವೈದ್ಯರು ಲೇಖನಿ ತೆಗೆದು ಅಲ್ಲೇ, ಅವರೆಲ್ಲರ ಮುಂದೆಯೇ ಆದೇಶ ಬರೆದರು.

ಹೊಸಬರ ತರಬೇತಿ ಮುಗಿದ ಮೇಲಿನ ಮೊದಲ ಸೋಮವಾರ ನಾಲ್ಕನೆಯ ಕಟ್ಟಡದ ಮೆಟ್ಟಿಲ ಬುಡದಲ್ಲಿ ಇಪ್ಪತ್ತೈದು ಮಕ್ಕಳು ಸೇರಿದ್ದರು. ಹೊಸಬರಲ್ಲಿ ಒಬ್ಬಳು, ಹನ್ನೆರಡರ ಹುಡುಗಿ, ಗೋಡೆಗೆ ಒರಗಿ ಮೇಲಕ್ಕೆ ನೋಡುತ್ತಾ ನಿಂತಿದ್ದಳು. ಒಂಬತ್ತು ಮಹಡಿ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ನಾನು ಅಷ್ಟು ಮೇಲೆ ಹತ್ತಲ್ಲ ಅಕ್ಕ."

"ಇವತ್ತು ಎರಡೇ ಮಹಡಿ," ಎಂದಳು ಪುಟ್ಟಿ. ತಾನೇ ಬಗ್ಗಿ ಅವಳ ಬೂಟಿನ ಲೇಸು ಬಿಗಿ ಮಾಡಿದಳು. "ಎರಡನೇ ಮಹಡೀಲಿ ಒಬ್ರು ತಾತ ಇದಾರೆ. ಅವರ ಕನ್ನಡಕ ರಿಪೇರಿ ಆಗಿ ಬಂದಿದೆ. ತಗೋ, ಇದು ಐವತ್ತು ಗ್ರಾಮೂ ಇಲ್ಲ. ಬೆಳಿಗ್ಗೆಯಿಂದ ಪೇಪರ್ ಓದೋಕಾಗದೆ ಕೂತಿದಾರಂತೆ."

ಹುಡುಗಿ ಕನ್ನಡಕದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೂಗು ಒರೆಸಿಕೊಂಡು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಪುಟ್ಟಿ ಒಂಬತ್ತನೇ ಮಹಡಿಯ ಚೀಲವನ್ನು ಮೈಗೊತ್ತಿ ಹಿಡಿದು, ಅವಳ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು ಪಕ್ಕದಲ್ಲೇ ಹತ್ತತೊಡಗಿದಳು.